ಮರಳುಗಾಡಿನ ಮಳೆ: ಗಡಿಯಾಚೆ ತಡವಾಗಿ ಕೇಳಿದ ಒಂದು ಧ್ವನಿಸುರುಳಿ



ನಮ್ಮ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಕಲಿತು, ಮುಂದೆ ಮರಾಠಿ, ಆಮೇಲೆ ಇಂಗ್ಲಿಷ್ ಎಂದು ದಾಟಿಕೊಂಡು ಹೋಗಿ ಈಗ ಪುಣೆಯಲ್ಲಿ ನೌಕರಿಯಲ್ಲಿರುವ ಹುಡುಗನೊಬ್ಬ ದೀಪಾವಳಿ ಸುಟ್ಟಿಗೆ ಊರಿಗೆ ಬಂದಿದ್ದ. ಮನೆಗೆ ಬಂದವನು ಚಹಾ ಕುಡಿಯುತ್ತಾ ಮೊಬೈಲಿನಲ್ಲಿ ಒಂದು ಹಾಡು ಹಚ್ಚಿದ. ಹಾಡು ಎಂದರೆ ಹಾಡಲ್ಲ, ಬಹಳ ಹೊತ್ತು ಗಿಟಾರು, ತಬಲಾ ಅಷ್ಟೇ. "ಗುರೂಜಿ, ಇದರಲ್ಲಿ ದಪ್ಪ ತಂತಿಯ ಗಿಟಾರ್ ಬಾರಿಸುವವರು ನಮ್ಮ ಕನ್ನಡದವರಂತೆ, ಖರೇನಾ?" ಎಂದು ಕೇಳಿದ. ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಮಾಸ್ತರನಿಗೆ ಸುಲಭದ ಕೆಲಸವಲ್ಲ, ನಿಮಗೂ ಗೊತ್ತು. "ನೋಡಿ ಹೇಳ್ತೀವಿ" ಎಂದು ಕಳಿಸಿದೆವು. ಅಂದು ಹುಡುಕಲು ಕುಳಿತವರು ಎಷ್ಟೋ ದಿನ ಅದರಲ್ಲೇ ಮುಳುಗಿದೆವು.

ಆ ಧ್ವನಿಸುರುಳಿಯ ಹೆಸರು 'ಡೆಸರ್ಟ್ ರೇನ್', ಮರಳುಗಾಡಿನ ಮಳೆ. 1997ರದು. ಬಾರಿಸಿದವರು ದೆಹಲಿಯ 'ಇಂಡಿಯನ್ ಓಷನ್' ಎಂಬ ತಂಡದವರು. ಆ ದಪ್ಪ ತಂತಿಯ ವಾದ್ಯಕ್ಕೆ ಬೇಸ್ ಗಿಟಾರ್ ಎನ್ನುತ್ತಾರೆ, ಬಾರಿಸುವವರು ರಾಹುಲ್ ರಾಮ್. ಹುಡುಗ ಹೇಳಿದ್ದು ಖರೆ. ಅವರು ಹಾಸನ ಜಿಲ್ಲೆಯ ಹೊಳೆನರಸೀಪುರದ ಮನೆತನದವರು.

ಆ ಮನೆತನದ ಕಥೆಯನ್ನೇ ಮೊದಲು ಹೇಳಿಬಿಡುತ್ತೇವೆ. ರಾಹುಲ್ ರಾಮ್ ಅವರ ಅಜ್ಜ ಎಚ್. ಯೋಗಾನರಸಿಂಹಂ (1897-1971). ಸಂಸ್ಕೃತ ವಿದ್ವಾಂಸರು, ಶಿಕ್ಷಣ ಕ್ಷೇತ್ರದಲ್ಲಿ ದುಡಿದವರು, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅವರ ರಚನೆಗಳು 'ಗೀತಕುಸುಮಾಂಜಲಿ' ಎಂಬ ಹೆಸರಿನಲ್ಲಿ ಪುಸ್ತಕವಾಗಿವೆ. ಇವರ ಮಕ್ಕಳು ಒಬ್ಬೊಬ್ಬರೂ ಒಂದೊಂದು ದಿಕ್ಕು. ಎಚ್.ವೈ. ಶಾರದಾ ಪ್ರಸಾದ್ ಹೆಸರನ್ನು ನೀವು ಕೇಳಿರುತ್ತೀರಿ. ಇಂದಿರಾ ಗಾಂಧಿ, ಆಮೇಲೆ ರಾಜೀವ್ ಗಾಂಧಿ ಪ್ರಧಾನಿಯಾಗಿದ್ದಾಗ ಮಾಧ್ಯಮ ಸಲಹೆಗಾರರಾಗಿದ್ದವರು. ಶಿವರಾಮ ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದವರೂ ಅವರೇ. ನಾರಾಯಣ ದತ್ತ ಎಂಬ ಇನ್ನೊಬ್ಬ ಮಗ ಮುಂಬಯಿಯಲ್ಲಿ ಹಿಂದಿಯ 'ನವನೀತ' ಪತ್ರಿಕೆಯ ಸಂಪಾದಕರಾದರು. ಕನ್ನಡ ಮನೆಮಾತಿನವರೊಬ್ಬರು ಹಿಂದಿಯ ಹೆಸರಾಂತ ಸಂಪಾದಕರಾದರೆಂದರೆ ಸಣ್ಣ ಮಾತಲ್ಲ. ಮತ್ತೊಬ್ಬ ಮಗ ಎಚ್.ವೈ. ಮೋಹನ್ ರಾಮ್ (1930-2018), ದೆಹಲಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕರು. ಅವರ ಮಗನೇ ನಮ್ಮ ರಾಹುಲ್ ರಾಮ್.

'ನಮ್ಮ' ಎಂದು ಬರೆದೆವಲ್ಲ, ಆ ಒಂದು ಶಬ್ದ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿದ್ದನ್ನು ಮುಂದೆ ಹೇಳುತ್ತೇವೆ.

ತಂಡದ ಹುಟ್ಟು ಹೀಗೆ. 1984ರ ಸುಮಾರಿಗೆ ದೆಹಲಿಯ ಇಬ್ಬರು ಬಂಗಾಳಿ ತರುಣರು, ಗಿಟಾರಿನ ಸುಶ್ಮಿತ್ ಸೇನ್ ಮತ್ತು ತಬಲಾ ಬಾರಿಸುತ್ತಾ ಹಾಡುವ ಅಶೀಮ್ ಚಕ್ರವರ್ತಿ, ಜೊತೆಯಾದರು. 1990ರಲ್ಲಿ ತಂಡಕ್ಕೆ 'ಇಂಡಿಯನ್ ಓಷನ್' ಎಂದು ಹೆಸರಾಯಿತು. ಹೆಸರು ಸೂಚಿಸಿದವರು ಸುಶ್ಮಿತ್ ಅವರ ತಂದೆಯಂತೆ. 1991ರಲ್ಲಿ ರಾಹುಲ್ ರಾಮ್ ಬಂದರು, 1994ರಲ್ಲಿ ಡ್ರಮ್ ಬಾರಿಸುವ ಅಮಿತ್ ಕಿಲಮ್. ಈ ನಾಲ್ವರು ಹದಿನೈದು ವರ್ಷ ಬೇರೆಯಾಗಲಿಲ್ಲ. ನಾಲ್ವರ ಭಾಷೆ, ಓದು ಬೇರೆ ಬೇರೆ. ರಾಹುಲ್ ರಾಮ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ ಬಂದವರು. ಅಂಥ ಪದವಿ ಕೈಯಲ್ಲಿ ಹಿಡಿದವರು ಕಂಪನಿಯಲ್ಲೋ ಕಾಲೇಜಿನಲ್ಲೋ ಕುರ್ಚಿ ಹುಡುಕುತ್ತಾರೆ. ಇವರು ನರ್ಮದಾ ಬಚಾವೋ ಆಂದೋಲನಕ್ಕೆ ಹೋದರು, ಜೊತೆಗೆ ಗಿಟಾರು.

ಅವರ ಮೊದಲ ಧ್ವನಿಸುರುಳಿ 1993ರಲ್ಲಿ ಎಚ್‌ಎಂವಿ ಕಂಪನಿಯಿಂದ ಬಂತು. ಹೆಸರು ತಂಡದ್ದೇ. 1993 ಎಂದು ಓದಿದ ಕೂಡಲೇ ನಾವು ಅಲ್ಲಿಗೇ ನಿಂತೆವು. ಉಮರ್ಗಾ, ನಿಲಂಗಾ, ಔಸಾ ಕಡೆಯ ಯಾರಿಗೇ ಆದರೂ ಆ ಇಸವಿ ಹೇಳಿದರೆ ಒಂದೇ ನೆನಪು. ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಇನ್ನೂ ನಾಲ್ಕೈದು ನಿಮಿಷ ಇರುವಾಗ, ಗಣಪತಿ ಕಳಿಸಿ ಬಂದು ಮಲಗಿದ ಊರುಗಳ ಮೇಲೆ ಕಿಲ್ಲಾರಿಯ ಭೂಕಂಪ ಬಂತು. ಸತ್ತವರು ಹತ್ತು ಸಾವಿರದಷ್ಟು. ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳೇ ಜನರನ್ನು ಕೊಂದವು. ಸಾಸ್ತೂರು, ಹೋಳಿ ಆಗ ಉಮರ್ಗಾ ತಾಲೂಕಿನಲ್ಲೇ ಇದ್ದವು, ಲೋಹಾರಾ ತಾಲೂಕು ಆದದ್ದು ಆಮೇಲೆ. ನಾವು ಆಗ ಏಳನೆಯ ಇಯತ್ತೆ. ಶಾಲೆಯ ವರಾಂಡದಲ್ಲಿ ಚಾದರ, ಧಾನ್ಯದ ಚೀಲ ಎಣಿಸಿಡುವುದೇ ಎಷ್ಟೋ ದಿನ ನಮ್ಮ ಗಣಿತ. ಆ ವರ್ಷ ದೇಶದಲ್ಲಿ ಯಾವ ಹಾಡು ಬಂತು, ಯಾವುದು ಹೋಯಿತು, ನಮಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಇತಿಹಾಸ ಎಂದರೆ ಇದೇ ಇರಬೇಕು ಅನಿಸುತ್ತದೆ. ಒಂದೇ ವರ್ಷದಲ್ಲಿ ಎರಡು ದೇಶಗಳು ಇದ್ದಂತೆ.

ಇರಲಿ, 'ಡೆಸರ್ಟ್ ರೇನ್' ವಿಷಯಕ್ಕೆ ಬರೋಣ.

ಈ ಧ್ವನಿಸುರುಳಿಯ ವಿಶೇಷವೆಂದರೆ ಇದು ಸ್ಟುಡಿಯೋದ್ದಲ್ಲ. 1997ರ ಜನವರಿ 1ರಂದು ದೆಹಲಿಯ ಮಂಡಿ ಹೌಸ್ ಬಳಿ ನಡೆದ ಕಾರ್ಯಕ್ರಮದಲ್ಲಿ ನುಡಿಸಿದ್ದನ್ನು ಇದ್ದ ಹಾಗೆ ಹಿಡಿದಿಟ್ಟದ್ದು. ಜನವರಿ ಒಂದರಂದೇ ಏಕೆ? ಎಲ್ಲರೂ ಹೊಸ ವರ್ಷದ ಪೇಡೆ ಹಂಚುವ ದಿನ ಅದು. 1989ರ ಅದೇ ದಿನ, ದೆಹಲಿಯ ಹತ್ತಿರದ ಸಾಹಿಬಾಬಾದ್‌ನ ಝಂಡಾಪುರದಲ್ಲಿ ಕಾರ್ಮಿಕರ ಮುಂದೆ ಬೀದಿನಾಟಕ ಆಡುತ್ತಿದ್ದ ಸಫ್ದರ್ ಹಾಶ್ಮಿ ಮೇಲೆ ಗೂಂಡಾಗಳು ಬಿದ್ದರು. ಮರುದಿನ ಅವರು ತೀರಿಕೊಂಡರು. ವಯಸ್ಸು 34. ಜನವರಿ 4ರಂದು ಅವರ ಹೆಂಡತಿ ಮಲಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಪೂರ್ತಿ ಆಡಿ ಬಂದರು. ಈ ಮಾತನ್ನು ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ. ಅವರ ನೆನಪಿಗೆ ಹುಟ್ಟಿದ 'ಸಹಮತ್' ಸಂಸ್ಥೆ ಪ್ರತಿ ಜನವರಿ ಒಂದರಂದು ಕಲಾವಿದರನ್ನು ಸೇರಿಸುತ್ತಾ ಬಂತು. ಕರ್ನಾಟಕದ ಹಿರಿಯರಿಗೆ ಇದು ಹೊಸದೇನಲ್ಲ, 1975ರಲ್ಲಿ ಹುಟ್ಟಿದ 'ಸಮುದಾಯ'ದ ಬೀದಿನಾಟಕ, ಜಾಥಾ ಕಂಡವರು ಅವರು.

ಅಂಥ ದಿನ, ಅಂಥ ಚಳಿಯಲ್ಲಿ, ಬಯಲಿನಲ್ಲಿ ಕುಳಿತ ಜನರ ಮುಂದೆ ಇಂಡಿಯನ್ ಓಷನ್ ನುಡಿಸಿತು. ಅದನ್ನೇ ಧ್ವನಿಸುರುಳಿ ಮಾಡಿದರು. ಸ್ಟುಡಿಯೋದಲ್ಲಾದರೆ ತಪ್ಪಿದ ಕಡೆ ಮತ್ತೊಮ್ಮೆ ಬಾರಿಸಬಹುದು, ಇಲ್ಲಿ ಆ ಸೌಲಭ್ಯವಿಲ್ಲ. ಪಾಠ ಮಾಡಿದಂತೆ, ಒಮ್ಮೆ ಬಾಯಿಂದ ಹೋದದ್ದು ಹೋಯಿತು. ಹೊರದೇಶದಲ್ಲೂ ಇಂಥ ಪ್ರಯತ್ನ ಆಗಿತ್ತು. ಅಮೆರಿಕದ ಆರ್‌ಇಎಂ ಎಂಬ ರಾಕ್ ತಂಡ 1995ರ ಪ್ರವಾಸದಲ್ಲಿ ವೇದಿಕೆಯ ಮೇಲೆ, ಕಾರ್ಯಕ್ರಮದ ಮುಂಚಿನ ತಾಲೀಮಿನಲ್ಲಿ ಹಿಡಿದ ಹಾಡುಗಳಿಂದಲೇ 1996ರ ಧ್ವನಿಸುರುಳಿಯ ಬಹುಪಾಲನ್ನು ಕಟ್ಟಿತ್ತು. ಅದೂ ಅವರ ಹಿಂದಿನವುಗಳಷ್ಟು ಮಾರಾಟವಾಗಲಿಲ್ಲ. ಆದರೆ ಅವರ ಹಿಂದೆ ದೊಡ್ಡ ಕಂಪನಿ, ದೊಡ್ಡ ಹಣ ಇತ್ತು.

ಕೇಳಿದರೆ ಹೇಗಿದೆ? ಮೊದಲ ಸಲ ನಮಗೆ ಅಷ್ಟೇನೂ ಹಿಡಿಸಲಿಲ್ಲ, ಸುಳ್ಳೇಕೆ ಹೇಳಬೇಕು. ಉದ್ದುದ್ದ ಹಾಡುಗಳು. ಪಲ್ಲವಿ ಯಾವುದು, ಚರಣ ಯಾವುದು ತಿಳಿಯದು. ನಾವು ಭಾವಗೀತೆ ಕೇಳಿ ಬೆಳೆದವರು, ಮಾತು ಬೇಕು ನಮಗೆ. ಆದರೆ ಎರಡನೆಯ ಸಲ ಕೇಳುವಾಗ ಗಿಟಾರಿನಲ್ಲಿ ಏನೋ ಪರಿಚಯದ್ದು ಸಿಕ್ಕಿತು. ಸುಶ್ಮಿತ್ ಸೇನ್ ಅದನ್ನು ಪಾಶ್ಚಾತ್ಯ ರೀತಿಯಲ್ಲಿ ಝಳಪಿಸುವುದಿಲ್ಲ. ಒಂದು ತಂತಿಯನ್ನು ತಂಬೂರಿಯ ಶ್ರುತಿಯಂತೆ ಮಿಡಿಯುತ್ತಾ ಅದರ ಮೇಲೆ ಸ್ವರ ನಡೆಸುತ್ತಾರೆ. ನಮ್ಮೂರ ಮಠದ ಅಮಾವಾಸ್ಯೆ ಭಜನೆಯಲ್ಲಿ ಏಕತಾರಿ ಹಿಡಿದವರು ಮಾಡುವುದೂ ಅದನ್ನೇ. ಅಶೀಮ್ ಅವರ ತಬಲಾ ಡ್ರಮ್ಮಿನ ಜೊತೆ ಜಗಳ ಆಡುವುದಿಲ್ಲ, ಇಬ್ಬರೂ ಒಂದೇ ಬಂಡಿಗೆ ಹೂಡಿದ ಎತ್ತು. ಇನ್ನು ರಾಹುಲ್ ರಾಮ್ ಅವರ ಬೇಸ್ ಗಿಟಾರ್, ಅದು ಸಂಬಳದ ಕೆಳದನಿ. ನಮ್ಮ ಕಡೆಯವರಿಗೆ ತುಳಜಾಪುರದ ಗೊಂದಲದ ಸಂಬಳ ಎಂದರೆ ಬೇರೆ ವಿವರಣೆ ಬೇಡ. (ತಿಂಗಳ ಸಂಬಳವಲ್ಲ ಮಾರಾಯರೇ, ಅದು ತಡವಾಗಿ ಬರುವಂಥದ್ದು!) ಅಮಿತ್ ಕಿಲಮ್ ನುಡಿಸುವ ವಾದ್ಯಗಳಲ್ಲಿ ಗಬ್‌ಗುಬಿ ಎಂಬುದೊಂದಿದೆ. ಬಗಲಲ್ಲಿ ಸಣ್ಣ ಡೋಲು, ಅದರೊಳಗಿಂದ ಹೊರಟ ತಂತಿ, ಎಳೆದು ಬಿಟ್ಟು ಮೀಟಿದರೆ ಗುಂಯ್ ಗುಂಯ್. ಬಂಗಾಳದ ಬಾವುಲರದು. ಚಿತ್ರ ನೋಡಿ ನಾವು ನಕ್ಕುಬಿಟ್ಟೆವು. ಎಲ್ಲಮ್ಮನ ಜೋಗತಿಯರ ಕೈಯ ಚೌಡಿಕೆಯ ಅಣ್ಣನೋ ತಮ್ಮನೋ ಅದು!

ಹಾಡುಗಳ ಹೆಸರು ಇಂಗ್ಲಿಷಿನಲ್ಲಿವೆ. 'ವಿಲೇಜ್ ಡ್ಯಾಮ್ಸೆಲ್' ಎಂದರೆ ಹಳ್ಳಿಯ ಹುಡುಗಿ. 'ಬೋಲ್ ವೀವಿಲ್' ಎಂಬ ಇನ್ನೊಂದಿದೆ. ಅರ್ಥ ನೋಡಿದರೆ ಹತ್ತಿಯ ಕಾಯಿಯೊಳಗೆ ಸೇರುವ ಸೊಂಡಿಲ ಹುಳು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೆಕ್ಸಿಕೋದಿಂದ ಟೆಕ್ಸಾಸ್‌ಗೆ ನುಗ್ಗಿ ಅಮೆರಿಕದ ಹತ್ತಿ ರೈತರನ್ನು ಹಾಳುಮಾಡಿದ ಹುಳು ಅದು. ಅಲ್ಲಿಯ ಕಪ್ಪು ಜನ ಅದರ ಮೇಲೆ ಪದ ಕಟ್ಟಿ ಹಾಡಿದ್ದಾರೆ. ನಮ್ಮಲ್ಲಿಯ ಹತ್ತಿಗೆ ಬರುವುದು ಅದಲ್ಲ, ಕಾಯಿಕೊರಕ, ಅದು ಪತಂಗದ ಮರಿ. ಈಗ ಉದಗೀರ, ನಿಲಂಗಾ ಕಡೆ ಹತ್ತಿಗಿಂತ ಸೋಯಾಬೀನೇ ಹೆಚ್ಚು. ಆದರೂ ಮರಾಠವಾಡದ ಮಾಸ್ತರನೊಬ್ಬನಿಗೆ ಹತ್ತಿಯ ಹುಳುವಿನ ಹೆಸರಿನ ಹಾಡು ಕಂಡರೆ ಸುಮ್ಮನೆ ದಾಟಿ ಹೋಗಲಾಗುವುದಿಲ್ಲ. ಹತ್ತಿ ಹೋದ ಮನೆಗಳ ಮಕ್ಕಳು ನಮ್ಮ ಹಾಜರಿ ಪುಸ್ತಕದಲ್ಲಿದ್ದಾರೆ.

ಹೆಸರಿನ ಹಾಡು, ಮರಳುಗಾಡಿನ ಮಳೆ, ಅದನ್ನು ಕೇಳುವಾಗ ನಮಗೆ 2016ರ ಏಪ್ರಿಲ್ ನೆನಪಾಯಿತು. ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ಬಂದ ವರ್ಷ. ಮೊದಲ ಗಾಡಿಗೆ ಹತ್ತು ಡಬ್ಬಿ, ಒಟ್ಟು ಐದು ಲಕ್ಷ ಲೀಟರ್. ಆ ಬೇಸಿಗೆಯಲ್ಲಿ ನಮ್ಮ ಮಕ್ಕಳು ಮಳೆಯ ಪದ್ಯವನ್ನು ಬಾಯಿಪಾಠ ಒಪ್ಪಿಸುತ್ತಿದ್ದರು, ಕಿಟಕಿಯಾಚೆ ಟ್ಯಾಂಕರ್ ಬಂದ ಸದ್ದಾದರೆ ಪದ್ಯ ಅಲ್ಲೇ ಬಿಟ್ಟು ಕೊಡ ಹಿಡಿಯಲು ಓಡುತ್ತಿದ್ದರು. ನಾವೂ ತಡೆಯಲಿಲ್ಲ.

ಇಷ್ಟು ಒಳ್ಳೆಯ ಧ್ವನಿಸುರುಳಿ ಹಿಂದೆ ಉಳಿದದ್ದೇಕೆ? ನಮಗೆ ತೋಚಿದ್ದು ಹೇಳುತ್ತೇವೆ. ಆ ದಶಕದಲ್ಲಿ ಕ್ಯಾಸೆಟ್ ಅಂಗಡಿಯ ಕಪಾಟೇ ಎಲ್ಲವನ್ನೂ ತೀರ್ಮಾನಿಸುತ್ತಿತ್ತು. ಸಿನಿಮಾ ಒಂದು ಸಾಲು, ಭಕ್ತಿ ಒಂದು ಸಾಲು, ಭಾವಗೀತೆ ಮೂಲೆಯಲ್ಲಿ. 1995ರಲ್ಲಿ ಅಲೀಶಾ ಚಿನಾಯ್, 1996ರಲ್ಲಿ ಲಕ್ಕಿ ಅಲಿ ಬಂದಾಗ 'ಪಾಪ್' ಎಂಬ ಹೊಸ ಸಾಲು ಸೇರಿತು. ಅವರಿಗೆ ಟಿವಿಯಲ್ಲಿ ತೋರಿಸಲು ಚಂದದ ಚಿತ್ರೀಕರಣ ಇತ್ತು. 1997 ಸ್ವಾತಂತ್ರ್ಯದ ಐವತ್ತನೆಯ ವರ್ಷ, ಎ.ಆರ್. ರಹಮಾನ್ ಅವರ 'ವಂದೇ ಮಾತರಂ' ಮನೆಮನೆಯಲ್ಲಿ ಮೊಳಗಿತು. ನಮ್ಮ ಕನ್ನಡದಲ್ಲಿ ಅದೇ ವರ್ಷ ಸಿ. ಅಶ್ವತ್ಥ್ ಸಂಗೀತದ 'ನಾಗಮಂಡಲ', ಮನೋಮೂರ್ತಿಯವರ 'ಅಮೆರಿಕ ಅಮೆರಿಕ'. ಬಸವಕಲ್ಯಾಣಕ್ಕೆ ಹೋದಾಗ ನಾವು ಕೊಂಡದ್ದು 'ನಾಗಮಂಡಲ'ದ ಕ್ಯಾಸೆಟ್ಟೇ, ಅದರ ಮಾತು ನಮ್ಮ ಮನೆಯ ಮಾತಿನ ಹತ್ತಿರ ಇತ್ತು ಎಂದು. ಇವುಗಳ ನಡುವೆ ಮಾತು ಕಡಿಮೆಯ, ನಾಯಕ ನಾಯಕಿ ಇಲ್ಲದ, ಚಳಿಯಲ್ಲಿ ಒಂದೇ ಸಲಕ್ಕೆ ಬಾರಿಸಿದ ಈ ಕ್ಯಾಸೆಟ್ಟನ್ನು ಅಂಗಡಿಯವ ಎಲ್ಲಿಡಬೇಕು? ಶಾಸ್ತ್ರೀಯದವರು ಇದನ್ನು ರಾಕ್ ಎಂದರು, ರಾಕ್‌ನವರು ಶಾಸ್ತ್ರೀಯ ಎಂದರು. ಗಡಿನಾಡಿನ ಶಾಲೆಯವರಿಗೆ ಈ ಪಾಡು ಚೆನ್ನಾಗಿ ಅರ್ಥವಾಗುತ್ತದೆ. ಈ ಸರಕಾರ 'ನೀವು ಆ ಭಾಷೆಯವರು' ಎನ್ನುತ್ತದೆ, ಆ ಸರಕಾರ 'ನೀವು ಈ ರಾಜ್ಯದವರು' ಎನ್ನುತ್ತದೆ. 1956ಕ್ಕೆ ಮೊದಲು ಉದಗೀರ, ನಿಲಂಗಾ ಬೀದರ್ ಜಿಲ್ಲೆಯ ತಾಲೂಕುಗಳೇ ಆಗಿದ್ದವೆಂದರೆ ಈಗಿನ ಮಕ್ಕಳು ನಂಬುವುದಿಲ್ಲ.

2000ದಲ್ಲಿ ಟೈಮ್ಸ್ ಮ್ಯೂಸಿಕ್‌ನಿಂದ 'ಕಂಡೀಸಾ' ಬಂದ ಮೇಲೆ ತಂಡದ ಹೆಸರು ದೇಶದ ತುಂಬ ಹೋಯಿತು. ಅದರ ಹೆಸರಿನ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ, ಸಿರಿಯಾಕ್ ಭಾಷೆಯದು. ಇನ್ನೊಂದು ನರ್ಮದಾ ಕಣಿವೆಯ ಜನಪದ ಹಾಡು, ರೇವಾ ತಾಯಿಯ ಸ್ತುತಿ. ಆಂದೋಲನದ ದಿನಗಳಲ್ಲಿ ರಾಹುಲ್ ರಾಮ್ ತಂದದ್ದು. ಮತ್ತೊಂದು ಗೋರಖ್ ಪಾಂಡೆಯವರ ಕವಿತೆಯಿಂದ. ಜನ 'ಕಂಡೀಸಾ'ವನ್ನು ಹಿಡಿದುಕೊಂಡರು, ಹಿಂದಿನದನ್ನು ಮರೆತರು. ಆಮೇಲೆ 'ಬ್ಲ್ಯಾಕ್ ಫ್ರೈಡೇ' ಸಿನಿಮಾದ ಸಂಗೀತ ಇನ್ನೂ ಹೆಸರು ತಂದಿತು. 2009ರ ಡಿಸೆಂಬರ್ 25ರಂದು ಅಶೀಮ್ ತೀರಿಕೊಂಡರು, 2013ರಲ್ಲಿ ಸುಶ್ಮಿತ್ ತಂಡ ಬಿಟ್ಟರು. ತಂಡ ಹೊಸಬರೊಂದಿಗೆ ಮುಂದುವರಿಯಿತು. ನಮ್ಮ ಮಟ್ಟಿಗೆ ಕೇಳಿದರೆ, 'ಕಂಡೀಸಾ' ಹೆಚ್ಚು ಚಂದ, 'ಡೆಸರ್ಟ್ ರೇನ್' ಹೆಚ್ಚು ಖರೆ. ಅದರಲ್ಲಿ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾರಿಸುವುದು ಕಿವಿಗೇ ಕಾಣುತ್ತದೆ.

ನರ್ಮದೆಯ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ಸರ್ದಾರ್ ಸರೋವರದಲ್ಲಿ ನಮ್ಮ ರಾಜ್ಯದ ಧಡಗಾಂವ್, ಅಕ್ಕಲಕುವಾ ಕಡೆಯ ಆದಿವಾಸಿ ಊರುಗಳೂ ಮುಳುಗಿದವು. ಮಣಿಬೇಲಿ ಮೊದಲನೆಯದು. ಆ ಅಣೆಕಟ್ಟು ಲೋಕಾರ್ಪಣೆಯಾದದ್ದು 2017ರ ಸೆಪ್ಟೆಂಬರ್ 17ರಂದು. ಅದೇ ತಾರೀಖು ನಾವು ಶಾಲೆಯಲ್ಲಿ ಮರಾಠವಾಡ ಮುಕ್ತಿ ದಿನವೆಂದು ಧ್ವಜ ಏರಿಸುತ್ತೇವೆ.

ಈಗ ಆ ಇಕ್ಕಟ್ಟಿನ ಪ್ರಸಂಗ. ಎಲ್ಲ ಓದಿಕೊಂಡು ಉಬ್ಬಿಹೋದ ನಾವು, ನವೆಂಬರಿನ ಕನ್ನಡ ಕಾರ್ಯಕ್ರಮದಲ್ಲಿ ಪಾಲಕರ ಮುಂದೆ ಭಾಷಣ ಬಿಗಿದೆವು. ದೆಹಲಿಯಲ್ಲಿ ಹೆಸರು ಮಾಡಿದ ನಮ್ಮ ಕನ್ನಡಿಗ, ಅವರ ಅಜ್ಜ, ದೊಡ್ಡಪ್ಪ, ತಂದೆ, ಎಲ್ಲ ಹೇಳಿದೆವು. ಉದ್ದೇಶ ಸರಳ. ಪಟಸಂಖ್ಯೆ ಇಳಿಯುತ್ತಿದೆ. "ಕನ್ನಡ ಕಲಿತು ಏನು ಮಾಡೋದ್ರಿ?" ಎಂದು ಕೇಳುವ ಪಾಲಕರಿಗೆ ಒಂದು ಉತ್ತರ ಸಿಕ್ಕಿತು ಎಂದುಕೊಂಡೆವು. ಮುಂದಿನ ಸಾಲಿನಲ್ಲಿ ಕುಳಿತ ಆರನೆಯ ಇಯತ್ತೆಯ ಹುಡುಗಿ ಕೈ ಎತ್ತಿದಳು. "ಗುರೂಜಿ, ಅವರು ಕನ್ನಡದಾಗ ಹಾಡ್ತಾರೇನ್ರಿ?"

ಹಾಡಿದ್ದು ಹಿಂದಿ, ನರ್ಮದೆಯ ಜನರ ಮಾತು, ಸಿರಿಯಾಕ್. ಆ ಮನೆಯ ಹುಡುಗ ಓದಿದ್ದು ದೆಹಲಿಯಲ್ಲಿ, ಕನ್ನಡ ಶಾಲೆಯಲ್ಲಲ್ಲ. ನಮ್ಮ ಉದಾಹರಣೆ ನಮ್ಮ ಕೈಯಲ್ಲೇ ಮುರಿಯಿತು. "ಇಲ್ಲವ್ವ" ಎಂದೆವು. ಒಬ್ಬ ಪಾಲಕರು ನಕ್ಕರು. ಆ ನಗೆಯಲ್ಲಿ ತಪ್ಪೇನಿರಲಿಲ್ಲ.

ಮನೆಗೆ ಬಂದು ಯೋಚಿಸಿದೆವು. ನಾವು ಕೊಟ್ಟ ಉದಾಹರಣೆ ಸುಳ್ಳಲ್ಲ, ಆದರೆ ಅದನ್ನು ತಪ್ಪು ಕೆಲಸಕ್ಕೆ ಹೂಡಿದೆವು. ಅವರು ನಮ್ಮ ಶಾಲೆಯ ಜಾಹೀರಾತಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರಯ್ಯ ಕೊಂಕಾಳಿ, ಅಂದರೆ ಕುಮಾರ ಗಂಧರ್ವರು, ಕ್ಷಯರೋಗದಿಂದ ಬಳಲಿ 1948ರಲ್ಲಿ ಮಾಳವದ ದೇವಾಸಕ್ಕೆ ಹೋಗಿ ನೆಲೆಸಿದರು. ವರ್ಷಗಟ್ಟಲೆ ಹಾಡಬಾರದೆಂದು ವೈದ್ಯರು ಹೇಳಿದಾಗ ಹಾಸಿಗೆಯಲ್ಲಿ ಮಲಗಿ ಅಲ್ಲಿಯ ಹೆಣ್ಣುಮಕ್ಕಳ ಹಾಡು ಕೇಳಿದರು. ಎದ್ದ ಮೇಲೆ ಮಾಳವಿ ಜನಪದವನ್ನೂ ಕಬೀರರ ನಿರ್ಗುಣ ಭಜನೆಯನ್ನೂ ಹಾಡಿ ದೇಶಕ್ಕೆ ಕೇಳಿಸಿದರು. ಅವರು ಕನ್ನಡ ಬಿಟ್ಟರು ಎಂದು ಯಾರೂ ದೂರುವುದಿಲ್ಲ. ನಮ್ಮ ಊರುಗಳಿಂದ ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ದಿಂಡಿಯಲ್ಲಿ ಕನ್ನಡ ಮನೆಯವರು ಮರಾಠಿ ಅಭಂಗ ಹಾಡುತ್ತಾ ಹೋಗುತ್ತಾರೆ. ಜ್ಞಾನೇಶ್ವರರು ವಿಠ್ಠಲನನ್ನೇ ಕನ್ನಡಿಗನೆಂದು ಕರೆದಿದ್ದಾರೆ. ಬೇರೆಯವರ ಹಾಡನ್ನು ಎತ್ತಿ ಹಾಡುವುದು ನಮ್ಮ ಕಡೆ ಹೊಸತಲ್ಲ. ಆದರೆ ಕುಮಾರ ಗಂಧರ್ವರಿಗೆ, ದಿಂಡಿಯ ಅಜ್ಜಿಯರಿಗೆ ಹಿಂದೆ ಒಂದು ಕನ್ನಡದ ಮನೆ ಇತ್ತು. ನಮ್ಮ ಶಾಲೆಯ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. ಮೂರರಲ್ಲಿ ಒಂದು ಕಡಿದುಹೋದರೆ ಯಾವುದು ಕಡಿಯುತ್ತದೆ ಎಂಬುದು ನಮಗೆ ಗೊತ್ತಿದೆ, ಹಾಜರಿ ಪುಸ್ತಕ ಹೇಳುತ್ತದೆ.

ಆ ಹುಡುಗಿಗೆ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಜನವರಿ ಒಂದರಂದು ಶಾಲೆ ಇತ್ತು. ಕೊನೆಯ ತಾಸಿಗೆ ಸಣ್ಣ ಸ್ಪೀಕರ್ ತಂದು, ಸಫ್ದರ್ ಹಾಶ್ಮಿ ಯಾರು ಎಂದು ಐದು ನಿಮಿಷ ಹೇಳಿ, 'ಡೆಸರ್ಟ್ ರೇನ್' ಹಚ್ಚಿದೆವು. ಮೊದಲು ಗಲಾಟೆ. "ಮಾತು ಯಾವಾಗ ಬರ್ತಾವ್ರಿ?" ಎಂದು ಒಬ್ಬ. ಬರುವುದಿಲ್ಲ, ಸುಮ್ಮನೆ ಕೇಳು ಎಂದೆವು. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ ಟಕ್ ಟಕ್ ಎಂದು ಸದ್ದು. ಅಜ್ಜ ಹಲಗಿ ಬಾರಿಸುವ ಮನೆಯ ಹುಡುಗ, ಯಾವತ್ತೂ ಬಾಯಿ ಬಿಡದವನು, ಕಂಪಾಸ್ ಪೆಟ್ಟಿಗೆಯ ಮೇಲೆ ಎರಡು ಬೆರಳಿನಿಂದ ತಾಳ ಹಿಡಿದಿದ್ದ. ಒಂದು ಪೆಟ್ಟೂ ತಪ್ಪಲಿಲ್ಲ. ಪಕ್ಕದ ಹುಡುಗಿ, ಅದೇ ಪ್ರಶ್ನೆ ಕೇಳಿದವಳು, "ಇದು ನಮ್ಮ ಜಾತ್ರಿದ್ದ ಐತಲ್ರಿ ಗುರೂಜಿ" ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ಎಂದಿನಂತೆ ಚೀಲ ಹೊತ್ತು ಓಡುವವರು ಅಂದು ಹಾಡು ಮುಗಿಯುವವರೆಗೆ ಕುಳಿತಿದ್ದರು.